ಮೂರನೆಯ ಗೂಡಿನ ಕೆಂಪು

ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರು
ಚುಕ್ಕೆಗಳ ಪುಸ್ತಕ ತೆರೆದು ಅಪ್ಪನ ಮುಂದಿಟ್ಟರು.
ಟಂಟಂ ಗಾಡಿಯ ಲೈಸೆನ್ಸಿಗೆ ಅವರದೊಂದು ಸಹಿ ಬೇಕಿತ್ತು.
"ಯಾವ ಅಂಕಿ ಕಾಣ್ತದ, ಗ್ಯಾನಪ್ಪ?"
ಅಪ್ಪ ಬಗ್ಗಿ ನೋಡಿದ. ಪುಸ್ತಕ ತಿರುಗಿಸಿ ನೋಡಿದ.
"ಸಜ್ಜಿಕಾಳು ಚೆಲ್ಲ್ಯಾವ್ರಿ. ಅಂಕಿ ಎಲ್ಲೈತಿ?"
ಬಾಗಿಲಲ್ಲಿ ನಿಂತ ನನಗೆ ಅಲ್ಲಿಂದಲೇ ಕಾಣುತ್ತಿತ್ತು
ಹಸಿರು ಚುಕ್ಕೆಗಳ ನಡುವೆ ಕೆಂಪಗೆ ಕೂತ ಎಪ್ಪತ್ತನಾಲ್ಕು.

ಇಳಕಲ್ಲಿನ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು
ಮೂವತ್ತೊಂದು ವರ್ಷ ಕೆಂಪು ಸೆರಗು ನೇಯ್ದ ಮನುಷ್ಯ.
ದಾಳಿಂಬರಿ ಯಾವುದು, ಗಿರಿಕುಂಕುಮ ಯಾವುದು ಎಂದು
ಓಣಿಯವರು ಜಗಳ ಬಿದ್ದರೆ
ಅಪ್ಪನ ಹತ್ತಿರವೇ ಬರುತ್ತಿದ್ದರು ತೀರ್ಪಿಗೆ.

ಅಮೀನಗಡದಲ್ಲಿ ಬಸ್ಸು ನಿಂತಾಗ
ಕರದಂಟು ಕೊಂಡ. ತಿನ್ನಲಿಲ್ಲ.
"ಈ ಬಸ್ಸಿಗಿ ಯಾವ ಬಣ್ಣ?"
"ಕೆಂಪು, ಅಪ್ಪಾ."
"ನನಗೂ ಕೆಂಪ ಕಾಣ್ತೈತಿ," ಅಂದ.
ಸುಳ್ಳು ಹೇಳುತ್ತಿರಲಿಲ್ಲ.

ಅವ್ವ ಕಂಡಿಕೆ ಸುತ್ತುತ್ತಿದ್ದವಳು ತಲೆ ಎತ್ತಲಿಲ್ಲ.
"ಲಗ್ನ ಆಗಿ ಎರಡನೇ ವರ್ಷ
ಹಣ್ಣು ಟೊಮ್ಯಾಟಿ ತಾ ಅಂದ್ರ ಬರೇ ಕಾಯಿ ತಂದಿದ್ದ.
ಅವತ್ತ ಗೊತ್ತಾತು."
"ಹೇಳಬಾರದಿತ್ತೇನ?"
"ಅಂವ ಎಲ್ಲಿ ಕೇಳಿದ್ದ?"

ಗೋಡೆಯ ಮೊದಲ ಗೂಡಿನಲ್ಲಿ ನೀಲಿ ನೂಲು,
ಎರಡನೆಯದರಲ್ಲಿ ಹಸಿರು, ಮೂರನೆಯದರಲ್ಲಿ ಕೆಂಪು.
ಹಸಿರು ಲಡಿಗೆ ಒಂದು ಗಂಟು. ಕೆಂಪಿಗೆ ಎರಡು.
ನೂಲೆಂದರೆ ಗಂಟಿನ ಸಮೇತವೇ ಹುಟ್ಟುತ್ತದೆ
ಎಂದುಕೊಂಡಿದ್ದ ಅಪ್ಪ.
ನೀಲಿಗೆ ಮಾತ್ರ ಗಂಟಿರಲಿಲ್ಲ, ಅದು ಅವನಿಗೆ ಕಾಣುತ್ತಿತ್ತು.
(ಅವ್ವನ ಹೆಸರು ನೀಲವ್ವ.
ಅದನ್ನೆತ್ತಿದರೆ "ಹುಚ್ಚಿ" ಎಂದು ನನ್ನನ್ನು ಬೈಯುತ್ತಾಳೆ.)

ಸುದ್ದಿ ಓಣಿಗೆ ಹಬ್ಬಿತು.
ಬಣ್ಣದ ಅಂಗಡಿಯ ಪರುತಪ್ಪ ಚಹಾ ಹೀರುತ್ತ ಅಂದ,
"ಕಾಮಣಿ ಆದವಗ ಕಂಡದ್ದೆಲ್ಲಾ ಹಳದಿ, ಅಲ್ಲೇನೋ ಗ್ಯಾನಪ್ಪ?"
ಅಪ್ಪ ಲಾಳಿ ನಿಲ್ಲಿಸಿದ.
"ಆ ಗಾದಿ ಕಟ್ಟಿದವಗ ಕಾಮಣಿ ಇರಲಿಲ್ಲ ಅಂತ
ನಿನಗ ಯಾರು ಹೇಳ್ಯಾರ?"
ಮತ್ತೆ ಲಾಳಿ ಓಡಿತು.

ನನಗೆ ನಿದ್ದೆ ಬರದದ್ದು ಬೇರೆ ಕಾರಣಕ್ಕೆ.
ಮೂರು ವರ್ಷದವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು
ಮೂರನೆಯ ಗೂಡಿಗೆ ಬೆರಳಿಟ್ಟು
"ಇದು ಕೆಂಪ, ಅನ್ನು, ಕೆಂಪ" ಎಂದು ಕಲಿಸಿದವನು ಅವನೇ.
ಶಾಲೆಗೆ ಹೋಗುವ ಮೊದಲೇ
ನಾನು ರಕ್ತಕ್ಕೆ, ಮೆಣಸಿನಕಾಯಿಗೆ, ಅವ್ವನ ಕುಂಕುಮಕ್ಕೆ
ಕೊಟ್ಟುಬಿಟ್ಟಿದ್ದೆ ಆ ಶಬ್ದ,
ಅದನ್ನೆಂದೂ ಕಾಣದವನಿಂದ ಪಡೆದದ್ದು.
ಯಾರೂ ತಪ್ಪು ಅನ್ನಲಿಲ್ಲ.
ನನಗೆ ಕಾಣುವುದು ನಿಮಗೆ ಕಾಣುವುದೇ ಏನು,
ನನ್ನ ಗಂಟುಗಳನ್ನು ಯಾರು ಕಟ್ಟಿದ್ದಾರೆ,
ಈಗ ಯಾರನ್ನು ಕೇಳಲಿ?

ಆ ದೀಪಾವಳಿಗೆ ಸುಣ್ಣ ಹಚ್ಚಿ ಗೂಡು ತುಂಬಿದವಳು ನಾನು.
ಬೇಕೆಂದೇ ಗಂಟು ಬಿಚ್ಚಿ ಲಡಿ ಅದಲುಬದಲು ಮಾಡಿದೆ.
ಯಾಕೆ ಎಂದು ಕೇಳಬೇಡಿ, ಹತ್ತೊಂಬತ್ತು ನನಗೆ.
ಹದಿನೈದು ದಿನಕ್ಕೆ ಮಗ್ಗದಿಂದ ಇಳಿಯಿತು
ಹಸಿರು ಸೆರಗಿನ ಸೀರೆ, ಬಿಳಿಯ ತೆನೆ ಎದ್ದು ಕಾಣುವಂಥದ್ದು.
ಅವ್ವ ನನ್ನ ಮುಖ ನೋಡಿದಳು.
ಸೀರೆ ಒಳಗೊಯ್ದಳು. ಉಟ್ಟು ಬಂದಳು.
"ಹ್ಯಾಂಗ ಕಾಣ್ತೈತಿ?"
"ಲಗ್ನದಾಗಿನ ಸೀರಿ ಉಟ್ಟಂಗ," ಅಂದ ಅಪ್ಪ.
ಆಕೆ ಅದನ್ನೇ ಉಟ್ಟು ಸಂತೆಗೆ ಹೋದಳು,
ಕೇಳಿದವರಿಗೆಲ್ಲ "ಕೆಂಪ ಸೆರಗು" ಎಂದು ಹೇಳುತ್ತ.
ನಕ್ಕವರೂ ಇದ್ದರು.
ಇಬ್ಬರು ಅಂಥದೇ ನೇಯ್ದುಕೊಡಲು ಹೇಳಿದರು.

ಈಗ ಮಗ್ಗದ ಕುಣಿಯಲ್ಲಿ ನನ್ನ ಕಾಲು.
ಸಂಜೆ ಕರೆಂಟು ಹೋದರೆ
ಎಲ್ಲಕ್ಕಿಂತ ಮೊದಲು ಕಪ್ಪಾಗುವುದು ಕೆಂಪು,
ಆಮೇಲೆ ಹಸಿರು. ನೀಲಿ ತುಸು ಹೊತ್ತು ಉಳಿಯುತ್ತದೆ.
ನಿನ್ನೆ ಹಾಗೇ ಆಯಿತು. ಕಂದೀಲು ತರಲು ಏಳಲಿಲ್ಲ.
ಗೂಡಿಗೆ ಕೈ ಹಾಕಿ ತಡಕಿದೆ.
ಎರಡು ಗಂಟು.
"ಕೆಂಪ," ಅಂದೆ, ಯಾರಿಗೂ ಅಲ್ಲ.
"ಹೌದು, ಕೆಂಪ," ಅಂದ ಕತ್ತಲಲ್ಲಿ ಕೂತ ಅಪ್ಪ.